ಪರದೆ ದೊಡ್ಡದಾಯಿತು, ಎರಡನೇ ಕಿಟಕಿ ಎಲ್ಲಿ ಹೋಯಿತು?

2025ರ ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನವೇ, 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ತೆರಿಗೆ ಸೇರುವ ಮೊದಲು 25,000 ರೂಪಾಯಿ ಇದ್ದ ಸೆಟ್‌ಗೆ ಹಳೆಯ ದರದಲ್ಲಿ 32,000 ಕೊಡಬೇಕಿತ್ತು. ಹೊಸ ದರದಲ್ಲಿ 29,500 ಸಾಕು. 32 ಇಂಚಿಗೇ ತೃಪ್ತಿಪಟ್ಟುಕೊಂಡಿದ್ದ ಮನೆಗಳಿಗೆ 43 ಇಂಚಿನ, 55 ಇಂಚಿನ ಆಸೆ ಹುಟ್ಟಲು ಈ ಎರಡೂವರೆ ಸಾವಿರದ ವ್ಯತ್ಯಾಸ ಸಾಲುತ್ತದೆ.

ಗೋಡೆಯ ಮೇಲೆ ಅಷ್ಟಗಲದ ಪರದೆ ಬಂದು ಕುಳಿತ ಮೇಲೆ ಏಳುವ ಪ್ರಶ್ನೆ ಬೇರೆಯದು. ಇಷ್ಟು ಜಾಗವಿದ್ದೂ ಎರಡು ಚಾನೆಲ್ ಒಟ್ಟಿಗೆ ಏಕೆ ಕಾಣುವುದಿಲ್ಲ? ತೊಂಬತ್ತರ ದಶಕದ ದುಬಾರಿ ಡಬ್ಬ ಟಿ.ವಿ.ಗಳ ರಿಮೋಟಿನಲ್ಲಿ ‘ಪಿಐಪಿ’ ಎಂಬ ಗುಂಡಿಯೇ ಇರುತ್ತಿತ್ತು. ಪಿಕ್ಚರ್ ಇನ್ ಪಿಕ್ಚರ್, ಚಿತ್ರದೊಳಗೊಂದು ಚಿತ್ರ. ಒತ್ತಿದರೆ ಮೂಲೆಯಲ್ಲಿ ಅಂಗೈಯಗಲದ ಕಿಟಕಿ ತೆರೆದು ಇನ್ನೊಂದು ಚಾನೆಲ್ ಓಡುತ್ತಿತ್ತು. 21 ಇಂಚಿನಲ್ಲಿ ಆಗುತ್ತಿದ್ದುದು 55 ಇಂಚಿನಲ್ಲಿ ಆಗದಿರುವುದು ಹೇಗೆ?

ಕೇಳಿದರೆ ಸಿಗುವ ಉತ್ತರಗಳು ಗೊಂದಲವನ್ನು ಹೆಚ್ಚಿಸುತ್ತವೆ. ಅಂಗಡಿಯವರು ಸೆಟ್ ಟಾಪ್ ಬಾಕ್ಸ್ ಕಡೆ ಕೈ ತೋರಿಸುತ್ತಾರೆ. ಡಿಟಿಎಚ್ ಸಹಾಯವಾಣಿಯವರು ‘ಅದು ಟಿ.ವಿ.ಗೆ ಸಂಬಂಧಿಸಿದ್ದು’ ಎನ್ನುತ್ತಾರೆ. ಟಿ.ವಿ. ಕಂಪನಿಯ ಸೇವಾಕೇಂದ್ರ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ನೋಡಲು ಹೇಳುತ್ತದೆ. ಕರಪತ್ರದಲ್ಲಂತೂ ‘ಮಲ್ಟಿ ವ್ಯೂ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಯಾರೂ ಪೂರ್ತಿ ಸುಳ್ಳು ಹೇಳುತ್ತಿಲ್ಲ. ಪೂರ್ತಿ ನಿಜವನ್ನೂ ಹೇಳುತ್ತಿಲ್ಲ. ಚಾನೆಲ್ ಆರಿಸುವ ಕೆಲಸ ಟಿ.ವಿ.ಯ ಕೈ ತಪ್ಪಿ ಹತ್ತು ವರ್ಷವಾಯಿತು ಎಂಬ ಮೂಲ ಸಂಗತಿಯನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಹೇಳುತ್ತಾರೆ.

ಮಳೆಗಾಲದ ಸಂಜೆ ಎಂಟು ಗಂಟೆ

ಇದು ಸಿರಿವಂತರ ಗೊಣಗಾಟವೆಂದು ತಳ್ಳಿಹಾಕುವ ಮೊದಲು ಉತ್ತರ ಕನ್ನಡ ಜಿಲ್ಲೆಯ ಜೂನ್, ಜುಲೈ ತಿಂಗಳನ್ನು ನೆನೆಯಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಕಾರವಾರದ ಬೈತಖೋಲದಿಂದ ಭಟ್ಕಳದವರೆಗೆ ದೋಣಿಗಳು ದಡದಲ್ಲಿ, ಮೀನುಗಾರರು ಮನೆಯಲ್ಲಿ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲಿ ಹೊರಗೆ ಕಾಲಿಡಲಾಗದ ಮಳೆ. ರಾತ್ರಿ ಎಂಟರ ಹೊತ್ತಿಗೆ ಮನೆಮಂದಿಯೆಲ್ಲ ಒಂದೇ ಟಿ.ವಿ.ಯ ಮುಂದೆ. ಅಜ್ಜಿಗೆ ಧಾರಾವಾಹಿ ಬೇಕು. ಮಕ್ಕಳಿಗೆ ನಾಳೆ ಶಾಲೆಗೆ ರಜೆಯೋ ಇಲ್ಲವೋ ಎಂಬ ಒಂದೇ ಸಾಲು ಬೇಕು. ಆ ಸಾಲು ಸುದ್ದಿವಾಹಿನಿಯ ಕೆಳಗಿನ ಪಟ್ಟಿಯಲ್ಲಿ ಯಾವಾಗ ಹರಿದುಬರುತ್ತದೆಂದು ಹೇಳಲಾಗದು. ಕಾಳಿ ನದಿ ದಂಡೆಯವರಿಗೆ ಕದ್ರಾ ಅಣೆಕಟ್ಟಿನ ಗೇಟು ತೆರೆಯುವ ಸುದ್ದಿ ಬೇಕು. ಮೂಲೆಯಲ್ಲೊಂದು ಪುಟ್ಟ ಕಿಟಕಿ ಇದ್ದರೆ ಮುಗಿಯುವ ಜಗಳ ರಿಮೋಟ್ ಕೈಯಿಂದ ಕೈಗೆ ಹಾರುವುದರಲ್ಲಿ ಮುಂದುವರಿಯುತ್ತದೆ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಬಿದ್ದ ಮೇಲೆ, ಅದೇ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ಹಳೆ ಸೇತುವೆ ಮುರಿದ ಮೇಲೆ, ‘ಈಗೇನಾಯಿತು’ ಎಂದು ನಡುನಡುವೆ ಸುದ್ದಿಗೆ ಇಣುಕುವುದು ಇಲ್ಲಿ ಅಭ್ಯಾಸವೇ ಆಗಿದೆ. ವಿಚಿತ್ರವೆಂದರೆ ಇಂಥ ದಿನಗಳಲ್ಲಿ ಸುದ್ದಿವಾಹಿನಿಗಳು ತಮ್ಮ ಪರದೆಯನ್ನು ನಾಲ್ಕೋ ಆರೋ ಚೌಕಗಳಾಗಿ ಹೆಚ್ಚಿ ಹಾಕುತ್ತವೆ. ಒಂದು ಚೌಕದಲ್ಲಿ ಸ್ಥಳದ ದೃಶ್ಯ, ಒಂದರಲ್ಲಿ ವರದಿಗಾರ, ಉಳಿದವುಗಳಲ್ಲಿ ಕೂಗಾಡುವವರು. ಆರು ಕಿಟಕಿ ತೆರೆಯುವ ಅಧಿಕಾರ ಸ್ಟುಡಿಯೊಕ್ಕಿದೆ. ಎರಡು ಕಿಟಕಿ ತೆರೆಯುವ ಅಧಿಕಾರ ಹಣ ಕೊಟ್ಟು ಟಿ.ವಿ. ಕೊಂಡವರಿಗಿಲ್ಲ.

ಬುಟ್ಟಿ ಮನೆಬಾಗಿಲಿಗೆ ಬರುತ್ತಿದ್ದ ಕಾಲ

ಪ್ರಸಾರದಲ್ಲಿ ಚಿತ್ರದೊಳಗೆ ಚಿತ್ರವನ್ನು ಜಗತ್ತು ಕಂಡದ್ದು 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಹೊತ್ತಿಗೆ. ಕ್ವಾಂಟೆಲ್ ಎಂಬ ಬ್ರಿಟಿಷ್ ಸಂಸ್ಥೆಯ ಯಂತ್ರ ಇಡೀ ಚೌಕಟ್ಟನ್ನು ಅಂಕಿಗಳಾಗಿ ನೆನಪಿನಲ್ಲಿಟ್ಟುಕೊಂಡು, ಕುಗ್ಗಿಸಿ, ಇನ್ನೊಂದು ಚಿತ್ರದ ಮೂಲೆಗೆ ಅಂಟಿಸುತ್ತಿತ್ತು. ಎಂಬತ್ತರ ದಶಕದಲ್ಲಿ ನೆನಪಿನ ಚಿಪ್ಪು (ಮೆಮೊರಿ ಚಿಪ್) ಅಗ್ಗವಾಗುತ್ತಿದ್ದಂತೆ ಅದೇ ಉಪಾಯ ಮನೆಯ ಟಿ.ವಿ.ಗೆ ಇಳಿದುಬಂತು.

ಅದಕ್ಕೆ ಬೇಕಾಗುತ್ತಿದ್ದುದು ಎರಡು ವಸ್ತು. ಒಂದು, ಪುಟ್ಟ ಚಿತ್ರವನ್ನು ಹಿಡಿದಿಡುವ ನೆನಪಿನ ಚಿಪ್ಪು. ಇನ್ನೊಂದು, ಎರಡನೇ ಟ್ಯೂನರ್. ಟ್ಯೂನರ್ ಎಂದರೆ ತಂತಿಯಲ್ಲಿ ಬರುವ ಹತ್ತಾರು ಕಂಪನಾಂಕಗಳಲ್ಲಿ ಬೇಕಾದ ಒಂದನ್ನು ಹೆಕ್ಕಿ ತೆಗೆಯುವ ಪುಟ್ಟ ಲೋಹದ ಡಬ್ಬಿ. ಹಳೆಯ ಅನಲಾಗ್ ಕೇಬಲ್‌ನ ಕಪ್ಪು ತಂತಿಯಲ್ಲಿ ಅಷ್ಟೂ ಚಾನೆಲ್‌ಗಳು ಒಟ್ಟಿಗೇ, ಬೀಗವಿಲ್ಲದೆ, ಟಿ.ವಿ.ಯ ಬೆನ್ನಿನವರೆಗೆ ಬರುತ್ತಿದ್ದವು. ಬೆಳಿಗ್ಗೆ ಮೀನಿನವಳು ಬುಟ್ಟಿ ಹೊತ್ತು ಬಾಗಿಲಿಗೆ ಬಂದಂತೆ: ಬಂಗಡೆ, ತಾರ್ಲೆ, ಶೆಟ್ಲಿ ಎಲ್ಲವೂ ಕಣ್ಣೆದುರಿಗೇ. ಒಂದು ಕೈ ಇದ್ದ ಟಿ.ವಿ. ಒಂದನ್ನು ಎತ್ತಿಕೊಂಡಿತು, ಎರಡು ಕೈ ಇದ್ದದ್ದು ಎರಡನ್ನು. ಕೇಬಲ್‌ನವರಿಗೆ ಅದು ಗೊತ್ತಾಗುತ್ತಲೂ ಇರಲಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇರಲಿಲ್ಲ.

ಆಗಲೂ ಮೋಸವಿತ್ತೆನ್ನಿ. ಕಡಿಮೆ ಬೆಲೆಯ ಸೆಟ್‌ಗಳಲ್ಲಿ ಪಿಐಪಿ ಗುಂಡಿ ಇದ್ದರೂ ಟ್ಯೂನರ್ ಒಂದೇ. ಕಿಟಕಿಗೆ ಇನ್ನೊಂದು ಚಿತ್ರ ಬೇಕಾದರೆ ವಿಸಿಆರ್ (ವಿಡಿಯೊ ಕ್ಯಾಸೆಟ್ ಯಂತ್ರ) ಅಥವಾ ಬೇರೊಂದು ಯಂತ್ರವನ್ನು ಹಳದಿ ತಂತಿಯಿಂದ ಜೋಡಿಸಬೇಕಿತ್ತು. ವಿಸಿಆರ್‌ನೊಳಗೆ ಅದರದ್ದೇ ಟ್ಯೂನರ್ ಇರುತ್ತಿದ್ದುದರಿಂದ ಅದು ಕೈ ಸಾಲ ಕೊಟ್ಟಂತಾಗುತ್ತಿತ್ತು. ಕೊಳ್ಳುವಾಗ ಇದನ್ನು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ. ಆ ಸಂಪ್ರದಾಯ ಮುಂದುವರಿದಿದೆ.

ಪೆಟ್ಟಿಗೆ ನಡುವೆ ಬಂದು ನಿಂತದ್ದು

ಕೇಬಲ್ ಟಿ.ವಿ. ಕಾಯ್ದೆಗೆ 2011ರಲ್ಲಿ ತಿದ್ದುಪಡಿಯಾಗಿ ಡಿಜಿಟಲ್ ಪ್ರಸಾರ ಕಡ್ಡಾಯವಾಯಿತು. 2012ರ ಕೊನೆಗೆ ಮಹಾನಗರಗಳಲ್ಲಿ ಆರಂಭವಾಗಿ, 2013ರಲ್ಲಿ ಬೆಂಗಳೂರು, ಮೈಸೂರಿನಂಥ ನಗರಗಳನ್ನು ಮುಟ್ಟಿ, ಮೂರನೇ ಹಂತದಲ್ಲಿ ಉಳಿದ ಪಟ್ಟಣಗಳಿಗೆ, 2017ರ ಮಾರ್ಚ್ ಅಂತ್ಯದ ಗಡುವಿನೊಂದಿಗೆ ಹಳ್ಳಿಗಳಿಗೆ ಬಂತು. ಕಾರವಾರ, ಶಿರಸಿಯಂಥ ಊರುಗಳ ಮನೆಗಳಲ್ಲಿ ಟಿ.ವಿ.ಗೂ ತಂತಿಗೂ ನಡುವೆ ಸೆಟ್ ಟಾಪ್ ಬಾಕ್ಸ್ ಕುಳಿತದ್ದು ಹೀಗೆ. ಡಿಟಿಎಚ್ ಡಿಶ್ ಹಾಕಿಸಿಕೊಂಡವರ ಮನೆಯಲ್ಲಿ ಅದು ಇನ್ನೂ ಮೊದಲೇ ಇತ್ತು.

ಹೆಚ್ಚು ಚಾನೆಲ್, ಸ್ಪಷ್ಟ ಚಿತ್ರ, ನೋಡುಗರ ಲೆಕ್ಕ ಸಿಗುವುದರಿಂದ ಸರ್ಕಾರಕ್ಕೆ ತೆರಿಗೆ: ಲಾಭಗಳೇನೂ ಸಣ್ಣವಲ್ಲ. ಆದರೆ ಟಿ.ವಿ.ಯ ಪಾಲಿಗೆ ಏನಾಯಿತು ನೋಡಿ. ಬುಟ್ಟಿ ಈಗ ಪೆಟ್ಟಿಗೆಯವರೆಗೆ ಮಾತ್ರ ಬರುತ್ತದೆ, ಅದೂ ಬೀಗ ಹಾಕಿಕೊಂಡು. ಪೆಟ್ಟಿಗೆಯೊಳಗಿನ ಚಂದಾ ಕಾರ್ಡ್ ಅಥವಾ ಚಿಪ್ಪು ಒಂದು ಚಾನೆಲ್‌ನ ಬೀಗ ತೆಗೆಯುತ್ತದೆ. ಪೆಟ್ಟಿಗೆ ಅದನ್ನು ಬಿಡಿಸಿ, ಸಿದ್ಧ ಚಿತ್ರವಾಗಿಸಿ, ಎಚ್‌ಡಿಎಂಐ ತಂತಿಯಲ್ಲಿ ಕಳಿಸುತ್ತದೆ. ಒಂದೇ ಮೀನು, ಹೆಚ್ಚಿ ತೊಳೆದು, ಪೊಟ್ಟಣ ಕಟ್ಟಿ. ಟಿ.ವಿ.ಗೆ ನೂರು ಕೈಗಳಿದ್ದರೂ ಆ ಪೊಟ್ಟಣದಿಂದ ಎರಡನೇ ಮೀನು ಹೊರಬರುವುದಿಲ್ಲ. ಟಿ.ವಿ. ಎಂಬುದು ಗ್ರಾಹಕ ಯಂತ್ರವಾಗಿ ಉಳಿಯದೆ ಬರಿಯ ಪರದೆಯಾದದ್ದು ಆಗ.

ಹಾಗಾದರೆ ಪೆಟ್ಟಿಗೆಯೇ ಎರಡು ಚಾನೆಲ್ ಕೊಡಬಹುದಲ್ಲ? ಕೊಡಬಹುದು. 2008ರಲ್ಲೇ ಟಾಟಾ ಸ್ಕೈ ಪ್ಲಸ್ ಎಂಬ ರೆಕಾರ್ಡಿಂಗ್ ಸೌಲಭ್ಯದ ಪೆಟ್ಟಿಗೆ ಬಂದಿತ್ತು. ಒಂದು ಚಾನೆಲ್ ನೋಡುತ್ತಿರುವಾಗಲೇ ಇನ್ನೊಂದನ್ನು ರೆಕಾರ್ಡ್ ಮಾಡಿಕೊಳ್ಳುತ್ತಿತ್ತು. ಅಂದರೆ ಒಳಗೆ ಎರಡು ಟ್ಯೂನರ್ ಇದ್ದವು. ತಂತ್ರಜ್ಞಾನದ ಕೊರತೆ ಎಂಬ ವಾದ ಅಲ್ಲಿಗೇ ಬಿದ್ದುಹೋಗುತ್ತದೆ. ಆದರೆ ಬಹುಪಾಲು ಮನೆಗಳಿಗೆ ಬಂದದ್ದು ಒಂದೇ ಟ್ಯೂನರಿನ, ಒಂದೇ ಚಿತ್ರ ಬಿಡಿಸುವ ಸಾಮರ್ಥ್ಯದ, ಸಾಧ್ಯವಾದಷ್ಟು ಅಗ್ಗದ ಪೆಟ್ಟಿಗೆ. ಅಗ್ಗದ್ದನ್ನೇ ನಾವೂ ಕೇಳಿದೆವು ಎನ್ನುವುದೂ ನಿಜ.

ಮಾಡಿನ ಮೇಲಿನ ಡಿಶ್ ಹೇಳುವ ಕಥೆ

ಡಿಟಿಎಚ್ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಡಿಶ್‌ನ ಎದುರು ಕೋಲಿನ ತುದಿಯಲ್ಲಿ ಹಿಡಿಗಾತ್ರದ ಭಾಗವೊಂದಿರುತ್ತದೆ; ಎಲ್‌ಎನ್‌ಬಿ ಎನ್ನುತ್ತಾರೆ. ಉಪಗ್ರಹ ತನ್ನ ಚಾನೆಲ್‌ಗಳನ್ನು ಎರಡು ರೀತಿಯ ಅಲೆಗಳಲ್ಲಿ ಇಳಿಸುತ್ತದೆ: ಕೆಲವು ನಿಂತ (ಮೇಲೆ ಕೆಳಗೆ ಕಂಪಿಸುವ) ಅಲೆ, ಕೆಲವು ಮಲಗಿದ (ಅಡ್ಡಡ್ಡ ಕಂಪಿಸುವ) ಅಲೆ. ಎರಡರ ಕಂಪನಾಂಕಗಳೂ ಒಂದರ ಮೇಲೊಂದು ಬೀಳುವುದರಿಂದ ಒಂದೇ ತಂತಿಯಲ್ಲಿ ಎರಡನ್ನೂ ಒಟ್ಟಿಗೆ ಕಳಿಸಿದರೆ ಕಲಸುಮೇಲೋಗರ. ಆದ್ದರಿಂದ ಪೆಟ್ಟಿಗೆ ತಂತಿಯ ಮೂಲಕ ಮೇಲಕ್ಕೆ ವಿದ್ಯುತ್ ಕಳಿಸಿ ಸನ್ನೆ ಮಾಡುತ್ತದೆ. 13 ವೋಲ್ಟ್ ಕಳಿಸಿದರೆ ಎಲ್‌ಎನ್‌ಬಿ ನಿಂತ ಅಲೆಯನ್ನು ಕೆಳಗಿಳಿಸುತ್ತದೆ, 18 ವೋಲ್ಟ್ ಕಳಿಸಿದರೆ ಮಲಗಿದ ಅಲೆಯನ್ನು. ಒಂದು ತಂತಿಯಲ್ಲಿ ಒಂದು ಹೊತ್ತಿಗೆ ಒಂದೇ ಸನ್ನೆ ಸಾಧ್ಯ. ನೀವು ನೋಡುತ್ತಿರುವ ಧಾರಾವಾಹಿ ನಿಂತ ಅಲೆಯಲ್ಲಿದ್ದು ಸುದ್ದಿ ಮಲಗಿದ ಅಲೆಯಲ್ಲಿದ್ದರೆ, ಎರಡನ್ನೂ ತರಲು ಮಾಡಿನಿಂದ ಎರಡನೇ ತಂತಿ ಇಳಿಯಬೇಕು. ಎಲ್‌ಎನ್‌ಬಿಗೆ ಎರಡು ಬಾಯಿ ಇರಬೇಕು. ಎರಡು ಟ್ಯೂನರಿನ ಪೆಟ್ಟಿಗೆಗಳಿಗೆ ಎರಡು ತಂತಿ ಎಳೆಯುತ್ತಿದ್ದುದು ಈ ಕಾರಣಕ್ಕೆ.

ಉಪ್ಪುಗಾಳಿಯ ಕರಾವಳಿಯಲ್ಲಿ ಈ ಎರಡನೇ ತಂತಿ ಬರಿಯ ಲೆಕ್ಕದ ಮಾತಲ್ಲ. ಸಮುದ್ರದಂಚಿನ ಮನೆಗಳಲ್ಲಿ ತಂತಿಯ ತುದಿಯ ತಿರುಪು ಒಂದೆರಡು ಮಳೆಗಾಲದಲ್ಲೇ ಹಸಿರು ಕಟ್ಟುತ್ತದೆ, ಡಿಶ್‌ನ ಕಾಲು ತುಕ್ಕು ಹಿಡಿಯುತ್ತದೆ. ಒಂದು ಜೋಡಣೆಯನ್ನು ಕಾಪಾಡುವುದೇ ಕಷ್ಟವಿರುವಲ್ಲಿ ಎರಡು ಎಂದರೆ ಎರಡು ಪಟ್ಟು ರಿಪೇರಿ. ಘಟ್ಟದ ಮೇಲಿನ ಸಮಸ್ಯೆ ಬೇರೆ. ಡಿಡಿ ಫ್ರೀ ಡಿಶ್ ಬಳಸುವ ಜಿಸ್ಯಾಟ್-15 ಉಪಗ್ರಹ 93.5 ಡಿಗ್ರಿ ಪೂರ್ವದಲ್ಲಿದೆ. ಉತ್ತರ ಕನ್ನಡದಿಂದ ನೋಡಿದರೆ ಅದು ಆಗ್ನೇಯ ದಿಕ್ಕಿನಲ್ಲಿ, ಸುಮಾರು 60 ಡಿಗ್ರಿ ಎತ್ತರದಲ್ಲಿ. ಆ ಮಗ್ಗುಲಿಗೆ ಅಡಿಕೆ ತೋಟವೋ ಹಲಸಿನ ಮರವೋ ಒತ್ತಿಕೊಂಡಿದ್ದರೆ ಡಿಶ್ ಕೂರಿಸುವ ಜಾಗ ಹುಡುಕುವುದೇ ಒಂದು ಕೆಲಸ.

ಮಳೆಯ ವಿಚಾರ ಎಲ್ಲರಿಗೂ ಗೊತ್ತಿದ್ದದ್ದೇ. ಡಿಟಿಎಚ್ ಬಳಸುವ ಕೆಯು ಬ್ಯಾಂಡ್‌ನ ಅಲೆಗಳು ಎರಡೂವರೆ ಸೆಂಟಿಮೀಟರ್ ಆಸುಪಾಸಿನವು. ದಪ್ಪ ಹನಿಗಳು ಅವನ್ನು ಹೀರಿ ಚದುರಿಸುತ್ತವೆ. ರೆಡ್ ಅಲರ್ಟ್ ಸುದ್ದಿ ಬೇಕಾದ ಗಳಿಗೆಯಲ್ಲೇ ಚಿತ್ರ ಚೂರುಚೂರಾಗಿ ನಿಲ್ಲುತ್ತದೆ. ಆಗ ಕಿಟಕಿ ಎರಡಿದ್ದರೂ ಎರಡೂ ಕುರುಡು. ಎರಡನೇ ಕಿಟಕಿ ನಿಜಕ್ಕೂ ಉಪಯೋಗಕ್ಕೆ ಬರಬೇಕಾದರೆ ಅದು ಬೇರೆ ದಾರಿಯಿಂದ, ಎಂದರೆ ಇಂಟರ್‌ನೆಟ್‌ನಿಂದ, ತುಂಬಬೇಕು.

ಕೇಬಲ್ ಚಂದಾದಾರರಿಗೆ ಈ ವೋಲ್ಟ್‌ಗಳ ಗೋಜಿಲ್ಲ. ಅವರ ತಂತಿಯಲ್ಲಿ ಇಂದಿಗೂ ಎಲ್ಲ ಚಾನೆಲ್ ಒಟ್ಟಿಗೇ ಬರುತ್ತವೆ. ಅಡ್ಡಬರುವುದು ಬೀಗ ಒಂದೇ.

‘ಇದೆ, ಆದರೆ ಬರುವುದಿಲ್ಲ’ ಎಂಬ ಸ್ಥಿತಿ

ಈಗ ಟಿ.ವಿ.ಯ ಕಡೆಗೆ ಬರೋಣ. ಎಲ್‌ಇಡಿ ಯುಗದಲ್ಲೂ ಅನೇಕ ಕಂಪನಿಗಳ ಮೆನುವಿನಲ್ಲಿ ಪಿಐಪಿ ಉಳಿದಿತ್ತು. ಒತ್ತಿದರೆ ಮೂಲೆಯಲ್ಲಿ ಕಪ್ಪು ಚೌಕ ಮೂಡುತ್ತಿತ್ತು, ಅದರೊಳಗೆ ‘ಸಿಗ್ನಲ್ ಇಲ್ಲ’. ಕೈಪಿಡಿಯ ಸಣ್ಣ ಅಕ್ಷರಗಳಲ್ಲಿ ಕಾರಣ ಬರೆದಿರುತ್ತಿತ್ತು: ದೊಡ್ಡ ಪರದೆಗೆ ಎಚ್‌ಡಿಎಂಐ ಯಂತ್ರ, ಸಣ್ಣ ಕಿಟಕಿಗೆ ಟಿ.ವಿ.ಯ ಸ್ವಂತ ಟ್ಯೂನರ್ ಮಾತ್ರ.

ಬ್ರಿಟನ್‌ನಂಥ ದೇಶಗಳಲ್ಲಿ ಈ ಏರ್ಪಾಡಿಗೆ ಅರ್ಥವಿದೆ. ಅಲ್ಲಿ ಮಾಡಿನ ಮೇಲಿನ ಸಾಮಾನ್ಯ ಆಂಟೆನಾಕ್ಕೆ ಹತ್ತಾರು ಉಚಿತ ಡಿಜಿಟಲ್ ಚಾನೆಲ್‌ಗಳು ನೇರವಾಗಿ ಬೀಳುತ್ತವೆ, ಟಿ.ವಿ.ಯೇ ಅವನ್ನು ಆರಿಸುತ್ತದೆ. ನಮ್ಮಲ್ಲಿ ಆಂಟೆನಾದಲ್ಲಿ ಬರುತ್ತಿದ್ದುದು ದೂರದರ್ಶನ ಒಂದೇ, ಅದರ ಅನಲಾಗ್ ಪ್ರಸಾರ ಕೇಂದ್ರಗಳಲ್ಲಿ ಬಹುಪಾಲು 2022ರ ಹೊತ್ತಿಗೆ ಮುಚ್ಚಿದವು. ಟಿ.ವಿ.ಯ ಬೆನ್ನಿನ ದುಂಡು ಆಂಟೆನಾ ತೂತು ಇಲ್ಲಿನ ಮನೆಗಳಲ್ಲಿ ಜೇಡ ಬಲೆ ಕಟ್ಟುವ ಜಾಗ. ಸಣ್ಣ ಕಿಟಕಿ ಕಾಯುತ್ತಿರುವುದು ಅದೇ ತೂತಿನಿಂದ ಬರುವ ಚಿತ್ರಕ್ಕೆ! ಸೌಲಭ್ಯ ಕೊಟ್ಟಿಲ್ಲವೆಂದು ಕಂಪನಿಯನ್ನು ದೂರುವಂತಿಲ್ಲ. ಕೊಟ್ಟಿದ್ದಾರೆ ಎಂದು ಒಪ್ಪುವಂತೆಯೂ ಇಲ್ಲ.

ಸ್ಮಾರ್ಟ್ ಟಿ.ವಿ.ಗಳಲ್ಲಿ ಆಟದ ನಿಯಮ ಬದಲಾಯಿತು, ಫಲಿತಾಂಶ ಅಷ್ಟಾಗಿ ಬದಲಾಗಲಿಲ್ಲ. 2016ರ ಆಂಡ್ರಾಯ್ಡ್ 7 ಆವೃತ್ತಿಯಲ್ಲಿ ಪಿಐಪಿ ಮೊದಲು ಬಂದದ್ದು ಟಿ.ವಿ.ಗಳಿಗೆ; ಮೊಬೈಲ್‌ಗಳಿಗೆ ಬಂದದ್ದು ಮರುವರ್ಷ. ಆದರೂ ಇಂದು ಮೊಬೈಲ್‌ನಲ್ಲಿ ಕಿಟಕಿ ಸಲೀಸಾಗಿ ತೆರೆಯುತ್ತದೆ, ಟಿ.ವಿ.ಯಲ್ಲಿ ತೆರೆಯುವುದು ಆಯ್ದ ಮಾದರಿಗಳಲ್ಲಿ ಮಾತ್ರ. ಮೊದಲ ಕಾರಣ ಚಿಪ್ಪು. ಅಗ್ಗದ ಟಿ.ವಿ.ಗಳಲ್ಲಿ ಒಂದೋ ಎರಡೋ ಜಿಬಿ ರ‍್ಯಾಮ್ ಇರುತ್ತದೆ. 4ಕೆ ಚಿತ್ರ ಬಿಡಿಸುವುದರಲ್ಲೇ ಚಿಪ್ಪಿನ ಉಸಿರು ಕಟ್ಟಿರುತ್ತದೆ. ಎರಡನೇ ಕಾರಣ ಮತ್ತೆ ಬೀಗ. ಹಣ ಕೊಟ್ಟು ನೋಡುವ ಆ್ಯಪ್‌ಗಳ ಚಿತ್ರ ಟಿ.ವಿ.ಯೊಳಗೆ ಒಂದು ರಕ್ಷಿತ ಓಣಿಯಲ್ಲೇ ಹಾದುಹೋಗಬೇಕು. ಅನೇಕ ಟಿ.ವಿ.ಗಳಲ್ಲಿ ಅಂಥ ಓಣಿ ಒಂದೇ. ಪೆಟ್ಟಿಗೆಯಿಂದ ಬರುವ ಎಚ್‌ಡಿಎಂಐ ತಂತಿಗೂ ಎಚ್‌ಡಿಸಿಪಿ ಎಂಬ ನಕಲು ತಡೆಯುವ ಕಾವಲಿದೆ. ಮೂರನೆಯದು ಆ್ಯಪ್ ಮಾಡಿದವರ ಮರ್ಜಿ: ಕಿಟಕಿಯಾಗಿ ಕುಗ್ಗಲು ಆ್ಯಪ್ ಒಪ್ಪದಿದ್ದರೆ ಟಿ.ವಿ. ಏನೂ ಮಾಡಲಾರದು.

ದುಬಾರಿ ಮಾದರಿಗಳಲ್ಲಿರುವ ಮಲ್ಟಿ ವ್ಯೂ ಈ ಅಡೆತಡೆಗಳ ನಡುವೆ ದಾರಿ ಮಾಡಿಕೊಂಡು ಕೆಲವು ಜೋಡಿಗಳನ್ನು ಅನುಮತಿಸುತ್ತದೆ. ಎಚ್‌ಡಿಎಂಐ ಜತೆ ಯೂಟ್ಯೂಬ್ ಇರಬಹುದು, ಎಚ್‌ಡಿಎಂಐ ಜತೆ ಮೊಬೈಲ್‌ನ ಪ್ರತಿಬಿಂಬ ಇರಬಹುದು. ಎರಡು ಎಚ್‌ಡಿಎಂಐ ಒಟ್ಟಿಗೆ ಎಂಬುದು ಅಪರೂಪ. ಒಂದೇ ಸೆಟ್ ಟಾಪ್ ಬಾಕ್ಸ್‌ನಿಂದ ಎರಡು ಚಾನೆಲ್ ಎಂಬುದು ಯಾವ ಬೆಲೆಯ ಟಿ.ವಿ.ಯಲ್ಲೂ ಇಲ್ಲ, ಇರಲು ಸಾಧ್ಯವೂ ಇಲ್ಲ.

ಯಾರಿಗೆ ಬೇಕು, ಯಾರಿಗೆ ಬೇಡ

ತಯಾರಕರ ವಾದ ಒಂದು ಮಟ್ಟಿಗೆ ಸರಿಯಿದೆ: ಪಿಐಪಿ ಇದ್ದಾಗಲೂ ಕೊಂಡ ವಾರ ನೆಂಟರಿಗೆ ತೋರಿಸಿದ್ದು ಬಿಟ್ಟರೆ ಬಳಸಿದವರು ಕಡಿಮೆ, ಈಗ ಕೈಯಲ್ಲಿ ಮೊಬೈಲ್ ಇರುವಾಗ ಪ್ರತ್ಯೇಕ ಕಿಟಕಿ ಯಾತಕ್ಕೆ? ಹಣಾಹಣಿ ಬೆಲೆಯ ಪೈಪೋಟಿಯಲ್ಲಿ ಬಳಸದ ಭಾಗಕ್ಕೆ ನೂರು ರೂಪಾಯಿ ಹಾಕಲೂ ಅವರು ಸಿದ್ಧರಿಲ್ಲ. ಡಿಟಿಎಚ್, ಕೇಬಲ್ ಕಂಪನಿಗಳ ಲೆಕ್ಕ ಇನ್ನೂ ನೇರ: ಎರಡು ಚಾನೆಲ್ ಒಟ್ಟಿಗೆ ಬೇಕಾದವರು ಎರಡನೇ ಸಂಪರ್ಕ ತೆಗೆದುಕೊಳ್ಳಲಿ. ಒಂದೇ ಪೆಟ್ಟಿಗೆ ಎರಡು ಚಾನೆಲ್ ಕೊಟ್ಟರೆ ಆ ಎರಡನೇ ಚಂದಾ ತಾನಾಗಿ ಕರಗುತ್ತದೆ.

ವಾಹಿನಿಗಳ ನಿಲುವು ಹೆಚ್ಚು ಕುತೂಹಲದ್ದು, ಅವು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲವಾದರೂ. ದೇಶದಲ್ಲಿ ಟಿಆರ್‌ಪಿ ಅಳೆಯುವ ಬಾರ್ಕ್ ಸಂಸ್ಥೆಯ ವಿಧಾನ ನಿಂತಿರುವುದು ಧ್ವನಿಯ ಮೇಲೆ. ವಾಹಿನಿಗಳು ತಮ್ಮ ಧ್ವನಿಯಲ್ಲಿ ಕಿವಿಗೆ ಕೇಳದ ಗುರುತೊಂದನ್ನು ಬೆರೆಸುತ್ತವೆ; ಮಾದರಿ ಮನೆಗಳಲ್ಲಿಟ್ಟ ಮೀಟರ್ ಆ ಗುರುತನ್ನು ಹಿಡಿದು ಯಾವ ಚಾನೆಲ್ ಓಡುತ್ತಿದೆಯೆಂದು ದಾಖಲಿಸುತ್ತದೆ. ಪಿಐಪಿಯಲ್ಲಿ ಚಿತ್ರ ಎರಡು, ಧ್ವನಿ ಒಂದೇ. ಮೂಕವಾಗಿ ಮೂಲೆಯಲ್ಲಿ ಓಡುವ ಚಾನೆಲ್ ಮೀಟರಿನ ಪಾಲಿಗೆ ಓಡುತ್ತಲೇ ಇಲ್ಲ. ಮನೆಯವರೆಲ್ಲ ಅದನ್ನೇ ನೋಡುತ್ತಿದ್ದರೂ ಲೆಕ್ಕಕ್ಕಿಲ್ಲ, ಅಲ್ಲಿನ ಜಾಹೀರಾತಿಗೆ ಬೆಲೆಯಿಲ್ಲ. ಇದು ಲಿಖಿತ ನೀತಿಯೇನಲ್ಲ. ಆದರೆ ಲೆಕ್ಕಕ್ಕೆ ಸಿಗದ ನೋಡುಗರಿಗಾಗಿ ಯಾವ ವಾಹಿನಿಯೂ ಒತ್ತಾಯ ಹೇರುವುದಿಲ್ಲ ಎಂದು ಊಹಿಸಲು ಹೆಚ್ಚಿನ ಬುದ್ಧಿವಂತಿಕೆ ಬೇಡ. ಆ್ಯಪ್ ಕಂಪನಿಗಳಿಗೂ ಹೀಗೆಯೇ ತಮ್ಮ ಲೆಕ್ಕವಿದೆ: ಚಂದಾ ಯೋಜನೆಗಳಲ್ಲಿ ‘ಒಂದು ಹೊತ್ತಿಗೆ ಇಷ್ಟು ಪರದೆ’ ಎಂಬ ಮಿತಿ ಇರುವಾಗ ಎರಡನೇ ಕಿಟಕಿಯೂ ಇನ್ನೊಂದು ಪರದೆಯೇ.

ಹೀಗೆ ನಾಲ್ಕು ಕಡೆಯವರಲ್ಲಿ ಒಬ್ಬರಿಗೂ ಕಿಟಕಿ ತೆರೆದರೆ ಲಾಭವಿಲ್ಲ. ಬೇಕಾಗಿರುವುದು ನೋಡುಗರಿಗೆ ಮಾತ್ರ, ಅವರ ದನಿ ಸಹಾಯವಾಣಿಯ ಆಚೆಗೆ ದಾಟುವುದಿಲ್ಲ.

ದೆಹಲಿಯ ಕಡತಗಳಲ್ಲಿ ಏನಿದೆ

ಪೆಟ್ಟಿಗೆಯ ಹಿಡಿತ ಸಡಿಲಿಸುವ ಮಾತು ಬಂದೇ ಇಲ್ಲವೆಂದಲ್ಲ. 2020ರ ಏಪ್ರಿಲ್‌ನಲ್ಲಿ ದೂರಸಂಪರ್ಕ, ಪ್ರಸಾರ ಸೇವೆಗಳನ್ನು ನಿಯಂತ್ರಿಸುವ ಪ್ರಾಧಿಕಾರವಾದ ಟ್ರಾಯ್ ಒಂದು ಶಿಫಾರಸು ಮಾಡಿತು: ಒಂದು ಕಂಪನಿಯ ಪೆಟ್ಟಿಗೆ ಇನ್ನೊಂದರ ಸೇವೆಗೂ ಒಗ್ಗಬೇಕು, ಡಿಜಿಟಲ್ ಟಿ.ವಿ.ಗಳಲ್ಲಿ ಯುಎಸ್‌ಬಿ ಆಧಾರಿತ ಮುಕ್ತ ಸಂಪರ್ಕದ್ವಾರ ಕಡ್ಡಾಯವಾಗಬೇಕು. ಬೀಗದಕೈಯನ್ನು ಪೆನ್‌ಡ್ರೈವ್‌ನಂಥ ತುಂಡಿನಲ್ಲಿ ಕೊಂಡು ಟಿ.ವಿ.ಗೇ ಚುಚ್ಚುವ ವ್ಯವಸ್ಥೆ ಅದು. ಹಾಗಾಗಿದ್ದರೆ ಆರಿಸುವ ಕೆಲಸ ಟಿ.ವಿ.ಗೆ ಮರಳಿ, ಎರಡನೇ ಟ್ಯೂನರ್ ಇಡಲು ತಯಾರಕರಿಗೆ ಕಾರಣವೊಂದು ಸಿಗುತ್ತಿತ್ತು. ಶಿಫಾರಸು ಶಿಫಾರಸಾಗಿಯೇ ಉಳಿದಿದೆ. ಕಾರವಾರದ ಅಂಗಡಿಯಲ್ಲಿ ಅಂಥ ದ್ವಾರವಿರುವ ಟಿ.ವಿ. ಕೇಳಿದರೆ ನಿಮ್ಮ ಮುಖ ನೋಡುತ್ತಾರೆ.

ಎರಡನೆಯದು ಭಾರತೀಯ ಮಾನಕ ಬ್ಯೂರೊದ ಐಎಸ್ 18112:2022. ಒಳಗೇ ಉಪಗ್ರಹ ಟ್ಯೂನರ್ ಇರುವ ಟಿ.ವಿ.ಗಳ ಮಾನದಂಡವಿದು, 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಇದನ್ನು ಪ್ರಕಟಿಸಿತು. ಡಿಶ್‌ನ ತಂತಿಯನ್ನು ನೇರವಾಗಿ ಟಿ.ವಿ.ಗೆ ಸಿಕ್ಕಿಸಿದರೆ ಉಚಿತ ಚಾನೆಲ್‌ಗಳು ಪೆಟ್ಟಿಗೆಯಿಲ್ಲದೆ ಬರುತ್ತವೆ. ಉಚಿತ ಚಾನೆಲ್‌ಗೆ ಬೀಗವಿಲ್ಲ; ಜತೆಗೆ ಉಪಗ್ರಹದ ಒಂದೊಂದು ಕಂಪನಾಂಕದಲ್ಲಿ ಹಲವು ಚಾನೆಲ್‌ಗಳು ಒಂದೇ ಕಟ್ಟಾಗಿ ಬರುವುದರಿಂದ, ಒಂದೇ ಕಟ್ಟಿನಲ್ಲಿರುವ ಎರಡು ಚಾನೆಲ್‌ಗಳನ್ನು ಒಂದೇ ಟ್ಯೂನರಿನಿಂದ ತೋರಿಸಲೂ ತಾತ್ವಿಕವಾಗಿ ಅಡ್ಡಿಯಿಲ್ಲ. ತೊಡಕು ಎಂದರೆ, ಮಾನದಂಡ ಪ್ರಕಟವಾದ ಮಾತ್ರಕ್ಕೆ ಅದು ಕಡ್ಡಾಯವಾಗುವುದಿಲ್ಲ, ಮತ್ತು ಎಂಟು ಗಂಟೆಯ ಜನಪ್ರಿಯ ಕನ್ನಡ ಧಾರಾವಾಹಿಗಳು ಇರುವುದು ಹಣ ಕೊಡುವ ಚಾನೆಲ್‌ಗಳಲ್ಲಿ. ಬಾಗಿಲು ತೆರೆಯುತ್ತದೆ, ಅಜ್ಜಿಯ ಕೋಣೆಗಲ್ಲ.

ಮೂರನೆಯದು ಎರಡನೇ ಸಂಪರ್ಕದ ದರ. ಒಂದೇ ಮನೆಯ ಎರಡನೇ ಟಿ.ವಿ.ಗೆ ಮೂಲ ಸಂಪರ್ಕ ಶುಲ್ಕದ ಶೇ 40ಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದೆಂದು ಟ್ರಾಯ್ 2020ರಲ್ಲಿ ಮಿತಿ ಹಾಕಿತ್ತು. 2024ರ ಜುಲೈನಲ್ಲಿ ಆ ಶುಲ್ಕದ ಮೇಲಿದ್ದ ಗರಿಷ್ಠ ಮಿತಿಯನ್ನೇ ತೆಗೆದು ಕಂಪನಿಗಳ ವಿವೇಚನೆಗೆ ಬಿಟ್ಟಿತು. ಎರಡು ಪೆಟ್ಟಿಗೆ ಇಟ್ಟು ಸುಧಾರಿಸಿಕೊಳ್ಳುತ್ತೇನೆ ಎನ್ನುವವರು ಈಗ ತಮ್ಮ ಕಂಪನಿಯ ದರಪಟ್ಟಿಯನ್ನೇ ಕೇಳಿ ನೋಡಬೇಕು.

ಮುಂದೆ ಕಿಟಕಿ ಎಲ್ಲಿ ತೆರೆಯುತ್ತದೆ

ಅಮೆರಿಕದಲ್ಲಿ ಯೂಟ್ಯೂಬ್ ಟಿ.ವಿ. 2023ರ ಮಾರ್ಚ್‌ನಲ್ಲಿ ನಾಲ್ಕು ಪಂದ್ಯಗಳನ್ನು ಒಂದೇ ಪರದೆಯಲ್ಲಿ ತೋರಿಸುವ ಸೌಲಭ್ಯ ತಂದಿತು. ನಾಲ್ಕು ಚಿತ್ರಗಳನ್ನು ಒಂದಾಗಿ ಹೊಲಿಯುವ ಕೆಲಸ ನಡೆಯುವುದು ಕಂಪನಿಯ ಸರ್ವರಿನಲ್ಲಿ, ಟಿ.ವಿ.ಗೆ ಬರುವುದು ಒಂದೇ ಚಿತ್ರ. ಹಾಗಾಗಿ ಎಂಥ ಬಡಕಲು ಚಿಪ್ಪಿನ ಟಿ.ವಿ.ಯಲ್ಲೂ ಅದು ಓಡುತ್ತದೆ. ಇಲ್ಲೂ ಕ್ರಿಕೆಟ್‌ನ ನೆಪದಲ್ಲಿ ಈ ದಾರಿಯೇ ಮೊದಲು ತೆರೆಯುವ ಸಾಧ್ಯತೆ ಹೆಚ್ಚು. ಆದರೆ ಅದರ ಪರಿಣಾಮವನ್ನು ಗಮನಿಸಬೇಕು. ಯಾವ್ಯಾವುದು ಜತೆಗೂಡಬಹುದೆಂಬ ಮಿತಿ ಹಾಕುವವರು ಸೇವೆ ಕೊಡುವವರು. ಎರಡು ಪಂದ್ಯ ಜತೆಯಾಗುತ್ತವೆ. ಧಾರಾವಾಹಿಯೊಂದಿಗೆ ಪ್ರತಿಸ್ಪರ್ಧಿ ಕಂಪನಿಯ ಸುದ್ದಿ, ಅದರೊಂದಿಗೆ ಶಿರಸಿಯ ಸ್ಥಳೀಯ ಕೇಬಲ್‌ನ ಮಾರಿಕಾಂಬಾ ಜಾತ್ರೆಯ ನೇರಪ್ರಸಾರ ಜತೆಯಾಗುವುದಿಲ್ಲ. ಹಳೆಯ ಪಿಐಪಿಯ ಸೊಗಸು ಇದ್ದುದೇ ಯಾರ ಅಪ್ಪಣೆಯೂ ಬೇಡದೆ ಯಾವುದನ್ನು ಯಾವುದರ ಪಕ್ಕದಲ್ಲಾದರೂ ಕೂರಿಸುವುದರಲ್ಲಿ.

ಅಲ್ಲಿಯವರೆಗೆ ಸುದ್ದಿಯ ಕಿಟಕಿ ಮೊಬೈಲ್‌ನಲ್ಲೇ ತೆರೆದಿರುತ್ತದೆ. ತಯಾರಕರು ಹೇಳಿದ್ದು ನಿಜವಾಯಿತು ಎನ್ನಬಹುದು. ಬೇರೆ ದಾರಿ ಮುಚ್ಚಿದ ಮೇಲೆ ನಿಜವಾಗದೆ ಏನಾದೀತು? ಒಂದು ವ್ಯತ್ಯಾಸವಿದೆ. ಟಿ.ವಿ.ಯ ಮೂಲೆಯಲ್ಲಿ ಕದ್ರಾ ಗೇಟಿನ ಸುದ್ದಿ ಹರಿದರೆ ಮನೆಯ ಐದು ಜನರೂ ಓದುತ್ತಾರೆ. ಮೊಬೈಲ್‌ನಲ್ಲಿ ಹರಿದದ್ದನ್ನು ಓದುವವರು ಒಬ್ಬರು.

ಕೊಳ್ಳುವ ಮುನ್ನ ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ

ಎಚ್‌ಡಿ ಯೂಟ್ಯೂಬ್ ಚಿತ್ರಕ್ಕೆ ಸುಮಾರು 5 ಎಂಬಿಪಿಎಸ್ ವೇಗ ಸಾಕು. ಫೈಬರ್ ಸಂಪರ್ಕವಿರುವ ಮನೆಗೆ ಇದು ಭಾರವಲ್ಲ. ಕನ್ನಡದ ಬಹುತೇಕ ಸುದ್ದಿವಾಹಿನಿಗಳು ಯೂಟ್ಯೂಬ್‌ನಲ್ಲಿ ನೇರವಾಗಿ ಸಿಗುತ್ತವೆ. ಆದ್ದರಿಂದ ಇಂದಿನ ಮಟ್ಟಿಗೆ ಕೆಲಸಕ್ಕೆ ಬರುವ ಜೋಡಿ ಒಂದೇ: ಒಂದು ಕಡೆ ಸೆಟ್ ಟಾಪ್ ಬಾಕ್ಸ್‌ನ ಧಾರಾವಾಹಿ, ಇನ್ನೊಂದು ಕಡೆ ಯೂಟ್ಯೂಬ್‌ನ ಸುದ್ದಿ. ಮಳೆಗೆ ಡಿಶ್ ಕೈಕೊಟ್ಟಾಗಲೂ, ಕರೆಂಟು ಮತ್ತು ಫೈಬರ್ ಉಳಿದಿದ್ದರೆ, ಸುದ್ದಿಯ ಕಡೆಯಾದರೂ ಬದುಕಿರುತ್ತದೆ. ಎಚ್‌ಡಿಎಂಐ ಮಲ್ಟಿವ್ಯೂವರ್ ಎಂಬ ಪ್ರತ್ಯೇಕ ಡಬ್ಬಿ ಕೊಂಡು ಎರಡು ಪೆಟ್ಟಿಗೆಗಳ ಚಿತ್ರ ಸೇರಿಸುವವರೂ ಇದ್ದಾರೆ. ಎಚ್‌ಡಿಸಿಪಿ ಕಾವಲು ಅಡ್ಡಬಂದರೆ ಅಲ್ಲೂ ಅರ್ಧ ಪರದೆ ಕಪ್ಪು. ಹಿಂದಿರುಗಿಸಿದರೆ ಹಣ ಮರಳುತ್ತದೆಯೇ ಎಂದು ಕೇಳದೆ ಅದನ್ನು ಕೊಳ್ಳಬಾರದು.

ಟಿ.ವಿ. ಅಂಗಡಿಯಲ್ಲಿ ಕರಪತ್ರದ ‘ಮಲ್ಟಿ ವ್ಯೂ’ ಪದವನ್ನು ತೋರಿಸಿ ಹೌದೆನ್ನಿಸಿಕೊಂಡರೆ ಸಾಲದು. ಪ್ರದರ್ಶನಕ್ಕಿಟ್ಟ ಟಿ.ವಿ.ಗಳಲ್ಲಿ ಓಡುವುದು ಪೆನ್‌ಡ್ರೈವ್‌ನ ಹೂವು, ಜಲಪಾತ. ಅದಕ್ಕೆ ಬೀಗವೂ ಇಲ್ಲ, ಕಾವಲೂ ಇಲ್ಲ. ಅಂಗಡಿಯದೇ ಸೆಟ್ ಟಾಪ್ ಬಾಕ್ಸ್ ಒಂದನ್ನು ಎಚ್‌ಡಿಎಂಐಗೆ ಸಿಕ್ಕಿಸಿ, ಹಣ ಕೊಡುವ ಚಾನೆಲ್ ಹಾಕಿಸಿ, ಆಮೇಲೆ ಎರಡನೇ ಕಿಟಕಿ ತೆರೆಯಲು ಹೇಳಿ. ಕಿಟಕಿಗೆ ಏನೇನು ತುಂಬಬಹುದೆಂಬ ಪಟ್ಟಿ ಪರದೆಯ ಮೇಲೆ ಬರುತ್ತದೆ. ಆ ಪಟ್ಟಿಯಲ್ಲಿ ಯಾವ ಹೆಸರು ಬೆಳ್ಳಗೆ ಕಾಣುತ್ತದೆ, ಯಾವುದು ಮಸುಕಾಗಿದೆ ಎಂದು ನಿಂತು ಓದಿ. ‘ಟಿ.ವಿ.’ ಅಥವಾ ‘ಆಂಟೆನಾ’ ಎಂಬುದೊಂದೇ ಬೆಳ್ಳಗಿದ್ದು ಉಳಿದದ್ದೆಲ್ಲ ಮಸುಕಾಗಿದ್ದರೆ, ನೀವು ಎರಡು ಕಿಟಕಿಯ ಬೆಲೆ ಕೊಟ್ಟು ಒಂದನ್ನು ಮನೆಗೆ ಒಯ್ಯುತ್ತಿದ್ದೀರಿ.